ಹಳೆಯ ಜಪಾನಿ ಮರದಚ್ಚಿನ ಚಿತ್ರಗಳ ಜಾಗ ಹುಡುಕಿ ಫೋಟೊ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೊದ ನಿಶಿ-ಕಸಾಯ್‌ನಲ್ಲಿ ನಮ್ಮ ಕಡೆಯವರು ಸಾಕಷ್ಟು ಮಂದಿ ಇದ್ದಾರೆ. ನಾನೂ ಅಲ್ಲೇ ಇರುವವನು. ರಜೆಯ ದಿನ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ, "ಇವತ್ತು ಯಾವ ಚಿತ್ರ?" ಅಂತ ಗೆಳೆಯರು ಕೇಳುತ್ತಾರೆ. ಆಮೇಲೆ ಒಂದಾದ ಮೇಲೊಂದು ಪ್ರಶ್ನೆ. ಊರಿನಿಂದ ಜಪಾನ್ ನೋಡಲು ಬರುವವರೂ ಅವನ್ನೇ ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದರಲ್ಲಿ ಮಾಡುವುದಾದರೂ ಏನು?

ಇನ್ನೂರು ವರ್ಷದ ಹಿಂದೆ ಜಪಾನಿನ ಚಿತ್ರಕಾರರು ಊರು, ಸೇತುವೆ, ದೇವಸ್ಥಾನ, ಘಾಟಿ, ಹೊಳೆದಂಡೆಗಳ ಚಿತ್ರ ಬರೆದರು. ಅದನ್ನು ಚೆರಿ ಮರದ ಹಲಗೆಯಲ್ಲಿ ಕೆತ್ತಿ, ಒಂದೊಂದು ಬಣ್ಣಕ್ಕೂ ಬೇರೆ ಹಲಗೆ ಮಾಡಿ, ಕೈಯಲ್ಲಿ ಉಜ್ಜಿ ಕಾಗದಕ್ಕೆ ಇಳಿಸುತ್ತಿದ್ದರು. ಬರೆಯುವವನು ಒಬ್ಬ, ಕೆತ್ತುವವನು ಒಬ್ಬ, ಅಚ್ಚು ಹಾಕುವವನು ಇನ್ನೊಬ್ಬ. ಚಿತ್ರದ ಮೂಲೆಯಲ್ಲಿ ಜಾಗದ ಹೆಸರು ಇರುತ್ತದೆ. ಆ ಹೆಸರು ಹಿಡಿದು ಹೋಗಿ, ಚಿತ್ರಕಾರ ಎಲ್ಲಿ ನಿಂತು ನೋಡಿರಬೇಕು ಅಂತ ಹುಡುಕಿ, ಅಲ್ಲೇ ನಿಂತು ಒಂದು ಫೋಟೊ ತೆಗೆಯುವುದು. ಅಷ್ಟೇ.

ಹೊಸದಾಗಿ ಬರುವವರು ಚಿತ್ರದಲ್ಲಿರುವ ವಸ್ತುವನ್ನು ಹುಡುಕುತ್ತಾರೆ. ಆ ಸೇತುವೆ ಎಲ್ಲಿ, ಆ ಪೈನ್ ಮರ ಎಲ್ಲಿ ಅಂತ. ನೀವು ಮೊದಲು ಚಿತ್ರಕಾರ ನಿಂತ ಜಾಗ ಹುಡುಕಿ. ಸೇತುವೆ ಕೊಚ್ಚಿ ಹೋಗಿರುತ್ತದೆ, ಮರ ಬಿದ್ದಿರುತ್ತದೆ. ದಿಬ್ಬ, ಇಳಿಜಾರು, ಹೊಳೆಯ ತಿರುವು ಇವೆಲ್ಲ ಇನ್ನೂ ಅಲ್ಲೇ ಇರುತ್ತವೆ.

ಯಾರ ಚಿತ್ರಗಳಿಂದ ಶುರು ಮಾಡಲಿ?

ಹಿರೋಶಿಗೆ. ಅನುಮಾನವೇ ಬೇಡ. ಅವನು ಹುಟ್ಟಿದ್ದು 1797ರಲ್ಲಿ, ಎದೊ ಊರಿನ ಅಗ್ನಿಶಾಮಕ ಅಧಿಕಾರಿಯ ಮನೆಯಲ್ಲಿ. ತೀರಿಕೊಂಡದ್ದು 1858ರಲ್ಲಿ. ಎದೊ ಅಂದರೆ ಇವತ್ತಿನ ಟೋಕಿಯೊ, ಹೆಸರು ಬದಲಾದದ್ದು 1868ರಲ್ಲಿ. 1856ರಿಂದ ಅವನು ಮಾಡಿದ 'ಎದೊದ ನೂರು ಹೆಸರಾಂತ ನೋಟಗಳು' ಸರಣಿಯಲ್ಲಿ ಹೆಸರಿಗೆ ನೂರಾದರೂ 118 ಚಿತ್ರ ಅವನವೇ. ಅವನು ಹೋದ ಮೇಲೆ ಶಿಷ್ಯ ಇನ್ನೊಂದನ್ನು ಸೇರಿಸಿದ. ಇವುಗಳ ಬಹುಪಾಲು ಜಾಗಗಳಿಗೆ ಟೋಕಿಯೊದ ರೈಲು ಪಾಸಿನಲ್ಲೇ ಹೋಗಿಬರಬಹುದು.

ಊರು ಬಿಟ್ಟು ಹೋಗುವ ಮನಸ್ಸಿದ್ದರೆ ಅವನದೇ 'ತೋಕಾಯ್ದೊದ ಐವತ್ಮೂರು ತಂಗುದಾಣಗಳು'. ಎದೊದಿಂದ ಕ್ಯೋಟೊಗೆ ಸುಮಾರು 490 ಕಿಲೋಮೀಟರ್ ಹೆದ್ದಾರಿ, ದಾರಿಯುದ್ದಕ್ಕೂ ತಂಗುದಾಣಗಳು. ಹೊರಡುವ ಜಾಗ, ಮುಟ್ಟುವ ಜಾಗ ಸೇರಿ 55 ಚಿತ್ರ.

ಹೊಕುಸಾಯ್ ಹೆಸರು ಎಲ್ಲರಿಗೂ ಗೊತ್ತು. ಅವನ 'ಫುಜಿ ಬೆಟ್ಟದ ಮೂವತ್ತಾರು ನೋಟಗಳು' ಕೊನೆಗೆ 46 ಆಯಿತು. ಆದರೆ ಜಾಗ ಹಿಡಿಯಲು ಅವನು ಕಷ್ಟ. ಅವನಿಗೆ ಆಕಾರ ಮುಖ್ಯ, ಜಾಗ ಆಮೇಲೆ. ಇಪ್ಪತ್ತನೇ ಶತಮಾನದ ಕವಾಸೆ ಹಸುಯಿ ಇದಕ್ಕೆ ತದ್ವಿರುದ್ಧ. ಸ್ಕೆಚ್ ಪುಸ್ತಕ ಹಿಡಿದು ಜಪಾನೆಲ್ಲ ಸುತ್ತಿ, ಕಂಡದ್ದನ್ನು ಕಂಡ ಹಾಗೆ ಬರೆದವನು. ಶುರುವಿನಲ್ಲೇ ಒಂದು ಗೆಲುವು ಬೇಕು ಅನ್ನಿಸಿದರೆ ಹಸುಯಿ ಹಿಡಿದುಕೊಳ್ಳಿ.

ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತದೆ?

ಬ್ರೂಕ್ಲಿನ್ ಮ್ಯೂಸಿಯಂ ಬಳಿ 'ನೂರು ನೋಟಗಳ' ಪೂರ್ತಿ ಸೆಟ್ ಇದೆ, ವೆಬ್‌ಸೈಟಿನಲ್ಲೇ ನೋಡಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್, ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯ, ಇವೆಲ್ಲ ದೊಡ್ಡ ಸ್ಕ್ಯಾನ್‌ಗಳನ್ನು ಪುಕ್ಕಟೆ ಕೊಡುತ್ತವೆ. ಒಂದೇ ಚಿತ್ರದ ಎರಡು ಮೂರು ಪ್ರತಿ ನೋಡಿ. ಆಮೇಲಿನ ಅಚ್ಚುಗಳಲ್ಲಿ ಬಣ್ಣ ಬದಲಾಗಿರುತ್ತದೆ. ಒಂದರಲ್ಲಿ ಸಂಜೆಯಂತೆ ಕಾಣುವುದು ಇನ್ನೊಂದರಲ್ಲಿ ನಡುಹಗಲು.

ಫೋನಿನಲ್ಲಿ ಇಟ್ಟುಕೊಂಡರೆ ಸಾಲದು, ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಳ್ಳಿ. ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲ. ಕಾಗದವನ್ನಾದರೆ ಕೈ ಚಾಚಿ ಹಿಡಿದು, ಅದರ ಅಂಚನ್ನು ಎದುರಿನ ದಂಡೆಗೆ ಸೇರಿಸಿ ನೋಡಬಹುದು.

ಜಾಗ ಹುಡುಕುವುದು ಹೇಗೆ?

ಮೊದಲು ಹೆಸರು ಓದಿ. 'ನೂರು ನೋಟಗಳ'ಲ್ಲಿ ಮೇಲಿನ ಬಲಮೂಲೆಯ ಕಡೆ ಒಂದು ಉದ್ದನೆಯ ಕೆಂಪು ಪಟ್ಟಿ, ಅದರಲ್ಲಿ ಸರಣಿಯ ಹೆಸರು. ಪಕ್ಕದ ಬಣ್ಣದ ಚೌಕದಲ್ಲಿ ಜಾಗದ ಹೆಸರು. ಮ್ಯೂಸಿಯಂ ಪುಟಗಳಲ್ಲಿ ಇದನ್ನು ಓದಿಯೇ ಕೊಟ್ಟಿರುತ್ತಾರೆ.

ಆಮೇಲೆ ಹಳೆ ನಕ್ಷೆ. ಎದೊ ಕಾಲದಲ್ಲಿ ಒಂದೊಂದು ಬಡಾವಣೆಗೂ ಬಣ್ಣದ ನಕ್ಷೆ ಮಾರುತ್ತಿದ್ದರು. ಯಾವ ಸಾಹೇಬರ ಬಂಗಲೆ ಎಲ್ಲಿ, ಯಾವ ಕಾಲುವೆ ಎಲ್ಲಿ ತಿರುಗುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ಅದನ್ನು ಇವತ್ತಿನ ನಕ್ಷೆಯ ಮೇಲೆ ಹೊಂದಿಸಿ ತೋರಿಸುವ ಆ್ಯಪ್‌ಗಳೂ ಇವೆ. ಮುಖ್ಯವಾಗಿ ನೀರು ನೋಡಿ. ಟೋಕಿಯೊದಲ್ಲಿ ಎಷ್ಟೋ ಕಾಲುವೆಗಳ ಮೇಲೆ ಮುಚ್ಚಳ ಹಾಕಿ ರಸ್ತೆ ಮಾಡಿದ್ದಾರೆ. ಅಕ್ಕಪಕ್ಕ ಎಲ್ಲ ನೇರ ರಸ್ತೆ, ಇದೊಂದು ಮಾತ್ರ ಸುಮ್ನೆ ಅಂಕುಡೊಂಕಾಗಿ ಹೋಗುತ್ತಿದೆ ಅಂದರೆ ಕೆಳಗೆ ಹೊಳೆ ಇರುವ ಸಾಧ್ಯತೆ ಜಾಸ್ತಿ.

ಮೂರನೆಯದು ದಿಕ್ಕು. ಚಿತ್ರದಲ್ಲಿ ಫುಜಿ ಇದ್ದರೆ ನಿಮ್ಮ ಅದೃಷ್ಟ. ಟೋಕಿಯೊದಿಂದ ಫುಜಿ ಇರುವುದು ಪಶ್ಚಿಮ-ನೈಋತ್ಯಕ್ಕೆ. ಚಿತ್ರಕಾರ ಯಾವ ಕಡೆ ಮುಖ ಮಾಡಿದ್ದ ಅನ್ನುವುದು ಅಲ್ಲಿಗೆ ಇತ್ಯರ್ಥ.

ಕೊನೆಯದು ಕಾಲು. ಎಲ್ಲ ನೋಡಿದ ಮೇಲೂ ಐವತ್ತು ಮೀಟರ್ ಆಚೀಚೆ ಇರುತ್ತದೆ. ಅಲ್ಲಿ ನಡೆದಾಡಿಯೇ ತೀರಬೇಕು. ಅಲ್ಲಿನವರನ್ನು ಕೇಳಲು ಹಿಂಜರಿಯಬೇಡಿ. ಯುಯಿ ಊರಿನಲ್ಲಿ ಒಬ್ಬ ಅಜ್ಜಿಗೆ ನನ್ನ ಕಾಗದ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಚಿತ್ರದ ಬಂಡೆಯ ಮೇಲೆ ಬೆರಳಿಟ್ಟು, ಆಮೇಲೆ ಅದೇ ಬೆರಳನ್ನು ಎದುರಿನ ಗುಡ್ಡದ ಕಡೆ ಎತ್ತಿದರು. ಇಬ್ಬರಿಗೂ ಮಾತೇ ಬೇಕಾಗಲಿಲ್ಲ.

ಅದೇ ಹೆಸರಿನ ದೇವಸ್ಥಾನ ಈಗಲೂ ಇದೆಯಲ್ಲ. ಅಲ್ಲಿಗೆ ಹೋದರೆ ಸಾಕಲ್ವಾ?

ಸಾಕಾಗುವುದಿಲ್ಲ. ನಾನೂ ಹೀಗೇ ಅಂದುಕೊಂಡು ಒಂದು ದಿನ ಕಳೆದಿದ್ದೇನೆ. ಹೊಕುಸಾಯ್‌ನ ಒಂದು ಚಿತ್ರದಲ್ಲಿ ಗೋಹ್ಯಾಕು ರಾಕಾನ್‌ಜಿ ದೇವಸ್ಥಾನದ ಎತ್ತರದ ಕಟ್ಟೆ. ಜನ ಕಟಕಟೆಗೆ ಒರಗಿ ಫುಜಿ ನೋಡುತ್ತಿದ್ದಾರೆ. ರಾಕಾನ್‌ಜಿ ಈಗ ಮೆಗುರೊದಲ್ಲಿದೆ, ಅಲ್ಲಿಗೇ ಹೋದೆ. ಒಳಗೆ ಮರದ ವಿಗ್ರಹಗಳ ಸಾಲು, ಒಂದೊಂದರ ಮುಖವೂ ಬೇರೆ, ಹೋದದ್ದೇನೂ ದಂಡವಾಗಲಿಲ್ಲ. ಆದರೆ ಸುತ್ತಲಿನ ನೆಲ ಚಿತ್ರಕ್ಕೆ ಹೊಂದಲೇ ಇಲ್ಲ. ಮನೆಗೆ ಬಂದು ಓದಿದಾಗ ಗೊತ್ತಾಯಿತು, ದೇವಸ್ಥಾನ ಮೆಗುರೊಗೆ ಬಂದದ್ದೇ 1908ರಲ್ಲಿ. ಹೊಕುಸಾಯ್ ನೋಡಿದ್ದು ಊರಿನ ಇನ್ನೊಂದು ತುದಿಯಲ್ಲಿ, ಇವತ್ತಿನ ಒಜಿಮಾದಲ್ಲಿ.

ಜಾಗ ಬದಲಾಗದಿದ್ದರೂ ಒಳಗಿನ ಕಟ್ಟಡಗಳು ಬದಲಾಗಿರುತ್ತವೆ. ಅಸಾಕುಸ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಹಿರೋಶಿಗೆ ಚಿತ್ರದಲ್ಲಿ ಹಿಮ ಬೀಳುತ್ತಿದೆ. ನಾವು ಹೊರಬಾಗಿಲಲ್ಲಿ, ದೊಡ್ಡ ಕೆಂಪು ಲಾಟೀನಿನ ಹತ್ತಿರ ನಿಂತು ಒಳಗೆ ನೋಡುತ್ತಿದ್ದೇವೆ. ದೂರದಲ್ಲಿ ಕೆಂಪು ದ್ವಾರ, ಅದರ ಬಲಕ್ಕೆ ಐದು ಅಂತಸ್ತಿನ ಪಗೋಡ. ಈಗ ಹೋಗಿ ಅಲ್ಲೇ ನಿಲ್ಲಿ. ಲಾಟೀನು ಇದೆ, 3.9 ಮೀಟರ್ ಎತ್ತರ, ಸುಮಾರು 700 ಕಿಲೊ ತೂಕ. ದ್ವಾರವೂ ಇದೆ. ಪಗೋಡ ಮಾತ್ರ ಎಡಕ್ಕೆ! ಹಿರೋಶಿಗೆ ತಪ್ಪಿ ಬರೆದದ್ದಲ್ಲ. 1945ರ ಬಾಂಬ್ ದಾಳಿಯಲ್ಲಿ ಹಳೆಯದು ಸುಟ್ಟುಹೋಯಿತು. 1973ರಲ್ಲಿ ಕಟ್ಟುವಾಗ ಇನ್ನೊಂದು ಬದಿಗೆ ಕಟ್ಟಿದರು. ಹೊರಬಾಗಿಲೂ 1865ರ ಬೆಂಕಿಯಲ್ಲಿ ಹೋಗಿ, 1960ರಲ್ಲಿ ಮತ್ತೆ ಎದ್ದದ್ದು. ಅಂದರೆ ತೊಂಬತ್ತೈದು ವರ್ಷ ಅಲ್ಲಿ ಆ ಬಾಗಿಲೇ ಇರಲಿಲ್ಲ. ಆದರೂ ಜನ ಅದೇ ದಾರಿಯಲ್ಲಿ ಒಳಗೆ ಹೋದರು. ನಮ್ಮ ಕಾಲು ನಿಲ್ಲುವುದೂ ಅಲ್ಲೇ. ಬೆಳಿಗ್ಗೆ ಆರರೊಳಗೆ ಹೋಗಿ, ಆಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಒಂದೇ ಬೆಳಿಗ್ಗೆ ಇದೆ. ಎಲ್ಲಿಗೆ ಹೋಗಲಿ?

ಸುಮಿದಾ ಹೊಳೆಯ ಪೂರ್ವ ದಂಡೆ. ನಿಶಿ-ಕಸಾಯ್‌ನಿಂದ ತೋಜಾಯ್ ಲೈನ್ ಹಿಡಿದು ಮೊನ್‌ಜೆನ್-ನಕಚೊದಲ್ಲಿ ಇಳಿದು, ಒಏದೊ ಲೈನಿಗೆ ಬದಲಾಯಿಸಿ ಮೊರಿಶಿತಾಗೆ ಬನ್ನಿ. ಅಲ್ಲಿಂದ ಎಲ್ಲ ನಡಿಗೆ.

ಮೊದಲು ಶಿನ್-ಓಹಾಶಿ ಸೇತುವೆ. ಹಠಾತ್ತನೆ ಸುರಿದ ಮಳೆಯಲ್ಲಿ ಜನ ಕೊಡೆ ಹಿಡಿದು, ಚಾಪೆ ಹೊದ್ದು ಓಡುತ್ತಿರುವ ಚಿತ್ರ ನೀವು ನೋಡಿರುತ್ತೀರಿ. 1857ರದು. ವ್ಯಾನ್ ಗಾಗ್ ಅದನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಹಿರೋಶಿಗೆ ನೋಡುತ್ತಿರುವುದು ಪಶ್ಚಿಮ ದಂಡೆಯಿಂದ ಪೂರ್ವಕ್ಕೆ, ಹಾಗಾಗಿ ಸೇತುವೆ ದಾಟಿ ಆಚೆ ಹೋಗಿ ತಿರುಗಿ ನೋಡಬೇಕು. ಈಗಿನ ಸೇತುವೆ 1977ರದು, ಹಳದಿ ಕಂಬಗಳಿಂದ ಕೇಬಲ್ ಹಾಕಿ ನಿಲ್ಲಿಸಿದ್ದು. ಹಳೆಯದು ಇದ್ದದ್ದು ಇಲ್ಲಿಂದ ಸ್ವಲ್ಪ ಕೆಳಗೆ. ಆದ್ದರಿಂದ ಸೇತುವೆಗೆ ಅಂಟಿಕೊಳ್ಳಬೇಡಿ, ದಂಡೆಯ ಕಾಲುದಾರಿಯಲ್ಲಿ ಕೆಳಕ್ಕೆ ನಡೆಯಿರಿ. ಮಳೆ ಬಂದರೆ ಮನೆಗೆ ಓಡಬೇಡಿ, ನೀವು ಬಂದದ್ದೇ ಅದಕ್ಕೆ. ಮಳೆಯ ಗೆರೆಗಳು ಬೇಕಾದರೆ ಶಟರ್ 1/60 ಸೆಕೆಂಡಿನ ಆಸುಪಾಸು ಇಟ್ಟು, ಹಿಂದೆ ಕಪ್ಪಾದ ಗೋಡೆಯೋ ಮರವೋ ಬರುವ ಹಾಗೆ ನಿಲ್ಲಿ. ಬಿಳಿ ಆಕಾಶದೆದುರು ಮಳೆ ಕಾಣುವುದಿಲ್ಲ.

ವಾಪಸ್ ದಾಟಿ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಮನ್ನೆನ್‌ಬಾಶಿ. ಇದು ನನಗೆ ಬಹಳ ಇಷ್ಟದ ಜಾಗ. ಹೊಕುಸಾಯ್ ಈ ಸೇತುವೆಯ ಕಮಾನಿನ ಕೆಳಗಿನಿಂದ ಫುಜಿ ತೋರಿಸಿದ. ಹಿರೋಶಿಗೆ ಸೇತುವೆಯನ್ನು ಪೂರ್ತಿಯಾಗಿ ತೋರಿಸಲಿಲ್ಲ. ಅವನ ಚಿತ್ರದ ತುಂಬ ದಾರದಲ್ಲಿ ನೇತಾಡುವ ಒಂದು ಆಮೆ, ಅದರ ಹಿಂದೆ ಪುಟ್ಟ ಫುಜಿ. ಹಬ್ಬದ ದಿನ ಪುಣ್ಯ ಬರಲಿ ಅಂತ ಆಮೆ, ಮೀನುಗಳನ್ನು ಕೊಂಡು ಹೊಳೆಗೆ ಬಿಡುವ ಪದ್ಧತಿ ಇತ್ತು. ಈ ಆಮೆ ಕೊಳ್ಳುವವರಿಗಾಗಿ ಕಾಯುತ್ತಿದೆ. ಸೇತುವೆಯ ಹೆಸರಿನ ಅರ್ಥ ಹತ್ತು ಸಾವಿರ ವರ್ಷ, ಆಮೆಯ ಆಯಸ್ಸೂ ಹತ್ತು ಸಾವಿರ ವರ್ಷ ಅಂತ ಅವರ ನಂಬಿಕೆ. ನಾನು ನೂರು ಯೆನ್ ಅಂಗಡಿಯಿಂದ ಒಂದು ರಬ್ಬರ್ ಆಮೆ ತಂದು, ದಾರ ಕಟ್ಟಿ, ಎಡಗೈಯಲ್ಲಿ ಹಿಡಿದು ತೆಗೆದೆ. ಗಾಳಿಗೆ ಅದು ತಿರುಗುತ್ತಲೇ ಇತ್ತು. ಮುಖ ಎಡಕ್ಕೆ ಬರುವ ಹೊತ್ತಿಗೆ ಹಿಂದೆ ದೋಣಿ ಇರುತ್ತಿರಲಿಲ್ಲ, ದೋಣಿ ಬಂದಾಗ ಆಮೆ ಬೆನ್ನು ತೋರಿಸುತ್ತಿತ್ತು. ಮುಕ್ಕಾಲು ಗಂಟೆ ಬೇಕಾಯಿತು. ಫುಜಿ ಈಗ ಅಲ್ಲಿಂದ ಕಾಣುವುದಿಲ್ಲ, ಕಟ್ಟಡಗಳು ಮರೆಮಾಡಿವೆ. ಈಗಿನ ಸೇತುವೆ 1930ರ ಉಕ್ಕಿನ ಕಮಾನು.

ಅದೇ ಮನ್ನೆನ್‌ಬಾಶಿಯಿಂದ ಹೊಳೆಯ ಕಡೆ ತಿರುಗಿದರೆ ನೀಲಿ ಬಣ್ಣದ ಕಿಯೊಸುಬಾಶಿ. 1928ರಲ್ಲಿ ಕಟ್ಟಿದ್ದು. ಹಸುಯಿ ಅದನ್ನು 1931ರಲ್ಲಿ ಬರೆದ. ಆ ಸೇತುವೆ ಹಾಗೇ ಇದೆ. ಮಳೆ, ಆಮೆ, ಕಬ್ಬಿಣ, ಮೂರೂ ಒಂದು ಬೆಳಿಗ್ಗೆಯಲ್ಲಿ ಆಯಿತು.

ಚಿತ್ರದಲ್ಲಿ ಫುಜಿ ಅಷ್ಟು ದೊಡ್ಡದು. ನನ್ನ ಫೋಟೊದಲ್ಲಿ ಸಾಸಿವೆಯಷ್ಟು ಯಾಕೆ?

ಎರಡು ಕಾರಣ. ಒಂದು, ಚಿತ್ರಕಾರರು ಬೆಟ್ಟವನ್ನು ಎತ್ತರಿಸಿ ಬರೆದರು. ನಿಜವಾದ ಫುಜಿಯ ಇಳಿಜಾರು ಮೃದು, ಬುಡ ಅಗಲ. ಹೊಕುಸಾಯ್‌ನ ಫುಜಿ ಚೂಪು. ಎರಡನೆಯದು ಫೋನಿನ ತಪ್ಪು. ಫೋನಿನ ಮಾಮೂಲಿ ಲೆನ್ಸ್ ಅಗಲ ನೋಟದ್ದು, ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಮುಂದಿನ ವಸ್ತುವಿನಿಂದ ಹಿಂದೆ ಸರಿದು ಜೂಮ್ ಮಾಡಿ. ಹಿಂದೆ ಸರಿದಷ್ಟೂ ಮುಂದಿನದು ಚಿಕ್ಕದಾಗುತ್ತದೆ, ಬೆಟ್ಟ ಇದ್ದ ಹಾಗೇ ಇರುತ್ತದೆ. ಜೂಮ್ ಮಾಡಿದಾಗ ಎರಡೂ ಒಟ್ಟಿಗೆ ಬೆಳೆಯುತ್ತವೆ.

ಟೋಕಿಯೊದಿಂದ ಈಗಲೂ ಫುಜಿ ಕಾಣುತ್ತದಾ?

ನೆಲದ ಮೇಲೆ ನಿಂತರೆ ಬಹಳ ಕಡಿಮೆ. ನಿಪ್ಪೊರಿಯಲ್ಲಿ 'ಫುಜಿ ಕಾಣುವ ಇಳಿಜಾರು' ಅಂತಲೇ ಹೆಸರಿನ ಒಂದು ಬೀದಿ ಇದೆ, ಅಲ್ಲೂ 2013ರಲ್ಲಿ ಕಟ್ಟಡ ಎದ್ದು ನೋಟ ಮುಚ್ಚಿಹೋಯಿತು. ಶಿಂಜುಕುವಿನ ಮಹಾನಗರ ಸರ್ಕಾರದ ಕಟ್ಟಡದಲ್ಲಿ 202 ಮೀಟರ್ ಎತ್ತರದ ವೀಕ್ಷಣಾ ಮಹಡಿ ಇದೆ, ಪುಕ್ಕಟೆ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಬೆಳಿಗ್ಗೆ ಬೇಗ. ನೂರು ಕಿಲೋಮೀಟರ್ ದೂರದ ಬೆಟ್ಟ, ಬೇಸಿಗೆಯ ಮಬ್ಬಿನಲ್ಲಿ ಸಿಗುವುದಿಲ್ಲ.

ಆದರೂ ಒಮ್ಮೆ ಮಿತ್ಸುಕೋಶಿಯ ನಿಹೊನ್‌ಬಾಶಿ ಅಂಗಡಿ ಮತ್ತು ಮಿತ್ಸುಯಿ ಕಟ್ಟಡದ ನಡುವಿನ ಬೀದಿಯಲ್ಲಿ ನಿಂತು ನೋಡಿ. ಹಿರೋಶಿಗೆ ಬರೆದ ಸುರುಗಾಚೊ ಅದೇ. ಎರಡು ಬದಿ ಮಿತ್ಸುಯಿ ಮನೆತನದ ಬಟ್ಟೆ ಅಂಗಡಿ, ಬೀದಿಯ ಕೊನೆಗೆ ನೇರವಾಗಿ ಫುಜಿ. ಎಡಬಲಕ್ಕೆ ಇವತ್ತಿಗೂ ಅದೇ ಮನೆತನದ ಹೆಸರು. ಬೀದಿಯ ದಿಕ್ಕೂ ಅದೇ. ಕೊನೆಯಲ್ಲಿ ಬೆಟ್ಟದ ಬದಲು ಕಟ್ಟಡ.

ಚಿತ್ರದಂತೆಯೇ ಇರುವ ಜಾಗ ಒಂದಾದರೂ ಇದೆಯಾ?

ಇದೆ. ಸತ್ತಾ ಘಾಟಿ. ತೋಕಾಯ್ದೊ ಸರಣಿಯಲ್ಲಿ ಯುಯಿ ತಂಗುದಾಣದ ಚಿತ್ರ ಅದು. ಎಡಕ್ಕೆ ಕಡಿದಾದ ಬಂಡೆ, ಅದರ ಅಂಚಿನಲ್ಲಿ ಬಗ್ಗಿ ನೋಡುವ ಪ್ರಯಾಣಿಕರು, ಬಲಕ್ಕೆ ಸಮುದ್ರ, ಎದುರಿಗೆ ಬೆಳ್ಳಗೆ ಫುಜಿ. ಯುಯಿ ರೈಲು ನಿಲ್ದಾಣದಿಂದ ಹಳೆಯ ಬೀದಿಯಲ್ಲಿ ನಡೆದು, ಕಿತ್ತಳೆ ತೋಟಗಳ ನಡುವೆ ಹತ್ತಿದರೆ ಸುಮಾರು ಒಂದು ಗಂಟೆ. ದಾರಿಯಲ್ಲಿ ಯಾರೂ ಕಾಯದ ಕಪಾಟುಗಳಲ್ಲಿ ಹಣ್ಣಿನ ಚೀಲ ಇಟ್ಟಿರುತ್ತಾರೆ. ಡಬ್ಬಿಗೆ ನಾಣ್ಯ ಹಾಕಿ ಒಂದು ಚೀಲ ತೆಗೆದುಕೊಳ್ಳಿ, ಮೇಲೆ ಕಾಯುವಾಗ ಬೇಕಾಗುತ್ತದೆ.

ಮೇಲೆ ಹೋದರೆ ಎಲ್ಲವೂ ಅದರದರ ಜಾಗದಲ್ಲಿದೆ. ಬಂಡೆ, ಕೊಲ್ಲಿ, ಬೆಟ್ಟ. ಕೆಳಗೆ ಮಾತ್ರ ಸಮುದ್ರಕ್ಕೆ ಒತ್ತಿಕೊಂಡು ಎಕ್ಸ್‌ಪ್ರೆಸ್‌ವೇ, ಹೆದ್ದಾರಿ, ರೈಲು ಮೂರೂ ಹೆಣೆದ ಹಾಗೆ ಹೋಗುತ್ತವೆ. ಎಷ್ಟೋ ಜನ ಅವುಗಳನ್ನು ಕತ್ತರಿಸಿ ಹಾಕಲು ನೋಡುತ್ತಾರೆ. ದಯವಿಟ್ಟು ಬೇಡ. 1854ರ ದೊಡ್ಡ ಭೂಕಂಪದಲ್ಲಿ ಈ ತೀರ ಮೇಲಕ್ಕೆದ್ದು, ಅಲೆ ಬಡಿಯುತ್ತಿದ್ದ ಕಡೆ ನೆಲ ಬಂತು. ಹಿರೋಶಿಗೆ ಚಿತ್ರ ಮಾಡಿದ ಸುಮಾರು ಇಪ್ಪತ್ತು ವರ್ಷದ ಮೇಲೆ. ಆ ನೆಲದ ಮೇಲೇ ಈಗ ಲಾರಿಗಳು ಓಡುತ್ತಿರುವುದು. ಬೆಟ್ಟ ಮತ್ತು ಸಮುದ್ರದ ನಡುವೆ ದಾರಿ ಹುಡುಕುವ ಕಷ್ಟವೇ ಆ ಚಿತ್ರದ ವಿಷಯ. ಕಷ್ಟ ಇವತ್ತಿಗೂ ಅದೇ.

ಟೋಕಿಯೊದೊಳಗೆ ಬೇಕಾದರೆ ಉಏನೊ. ಕಿಯೊಮಿಜು ಮಂಟಪದ ಮುಂದೆ ಕೊಂಬೆಯನ್ನು ಬಳೆಯಂತೆ ಸುತ್ತಿಸಿದ ಪೈನ್ ಮರ ಇತ್ತು, 'ಚಂದ್ರನ ಪೈನ್' ಅಂತ ಹೆಸರು. ಹಿರೋಶಿಗೆ ಅದನ್ನು ಎರಡು ಚಿತ್ರದಲ್ಲಿ ಬರೆದ. ಮೈಜಿ ಕಾಲದ (1868–1912) ಶುರುವಿನಲ್ಲಿ ಬಿರುಗಾಳಿಗೆ ಮರ ಹೋಯಿತು. 2012ರಲ್ಲಿ ಹೊಸ ಮರದ ಕೊಂಬೆ ಸುತ್ತಿಸಿ ಮತ್ತೆ ಬಳೆ ಮಾಡಿದರು. ಮಂಟಪದ ಮೇಲಿನಿಂದ ಆ ಬಳೆಯೊಳಗೆ ನೋಡಿದರೆ ಕೆರೆಯ ನಡುವಿನ ಬೆಂಜೈತೆನ್ ಗುಡಿ ಸರಿಯಾಗಿ ಕೂರುತ್ತದೆ. ಬೆಂಜೈತೆನ್ ಅಂದರೆ ನಮ್ಮ ಸರಸ್ವತಿಯೇ, ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದವಳು, ಕೈಯಲ್ಲಿ ವೀಣೆಯ ಬದಲು ಬಿವಾ ಅನ್ನುವ ಜಪಾನಿ ತಂತಿವಾದ್ಯ.

ಎಲ್ಲವೂ ಮೇಲಿಂದ ನೋಡಿದ ಹಾಗಿರುತ್ತದೆ. ಡ್ರೋನ್ ಹಾರಿಸಬಹುದಾ?

ಟೋಕಿಯೊದೊಳಗೆ ಅನುಮತಿ ಇಲ್ಲದೆ ಆಗುವುದಿಲ್ಲ. 100 ಗ್ರಾಂ ಮತ್ತು ಅದಕ್ಕಿಂತ ಜಾಸ್ತಿ ತೂಗುವ ಡ್ರೋನ್‌ಗಳಿಗೆ 2022ರಿಂದ ನೋಂದಣಿಯೂ ಕಡ್ಡಾಯ. ಅದರ ಅಗತ್ಯವೂ ಅಷ್ಟಿಲ್ಲ. ಪಾದಚಾರಿ ಸೇತುವೆ, ಸ್ಟೇಷನ್ನಿನ ಮೆಟ್ಟಿಲು, ಎರಡನೇ ಮಹಡಿಯ ಕಾಫಿ ಅಂಗಡಿಯ ಕಿಟಕಿ, ಇಷ್ಟರಲ್ಲೇ ಮುಕ್ಕಾಲು ಪಾಲು ಆಗುತ್ತದೆ. ಚಿತ್ರಕಾರನೂ ಹಾರಲಿಲ್ಲ. ನೆಲದ ಮೇಲೆ ನಿಂತು ನೋಡಿ, ಮನಸ್ಸಿನಲ್ಲಿ ಮೇಲೆ ಹೋದ.

ಯಾವ ಕ್ಯಾಮೆರಾ ಬೇಕು?

ಇರುವುದೇ ಸಾಕು. ಒಂದು ಅನುಕೂಲ ಹೇಳುತ್ತೇನೆ: ಈ ಚಿತ್ರಗಳನ್ನು ಅಚ್ಚು ಹಾಕಿದ 'ಓಬಾನ್' ಅನ್ನುವ ಅಳತೆಯ ಕಾಗದ ಸುಮಾರು 39 ಸೆಂಟಿಮೀಟರ್‌ಗೆ 26. ಕ್ಯಾಮೆರಾದ 3:2 ಫ್ರೇಮ್ ಅದಕ್ಕೆ ತೀರ ಹತ್ತಿರ. ಫೋನಿನವರು ಬದಿ ಕತ್ತರಿಸಬೇಕಾಗುತ್ತದೆ. 'ನೂರು ನೋಟಗಳು' ಪೂರ್ತಿ ಉದ್ದುದ್ದ ಚಿತ್ರಗಳು, ಕ್ಯಾಮೆರಾ ನಿಲ್ಲಿಸಿ ಹಿಡಿಯಿರಿ.

ಯಾವ ಕಾಲ, ಯಾವ ಹೊತ್ತು?

ಈ ಚಿತ್ರಗಳಲ್ಲಿ ನೆರಳು ಇರುವುದೇ ಇಲ್ಲ, ಗಮನಿಸಿದ್ದೀರಾ? ಹಾಗಾಗಿ ಮೋಡದ ದಿನ, ಸೂರ್ಯ ಹುಟ್ಟುವ ಮೊದಲಿನ ಹೊತ್ತು ಚೆನ್ನಾಗಿ ಹೊಂದುತ್ತದೆ. ನಡುಹಗಲ ಬಿಸಿಲು ಹೊಂದುವುದಿಲ್ಲ. ಒಂದು ಅಪವಾದ ಸರುವಾಕಾಚೊ ನಾಟಕಬೀದಿಯ ಹುಣ್ಣಿಮೆ ಚಿತ್ರ, ಅದರಲ್ಲಿ ಒಬ್ಬೊಬ್ಬರ ಕಾಲಡಿಯೂ ನೆರಳಿದೆ. ಮೇಲಂಚಿನಲ್ಲಿ ಕಡುನೀಲಿ ಕೆಳಗೆ ಬರುತ್ತಾ ತೆಳುವಾಗುವ ಆಕಾಶ ಬೇಕಾದರೆ, ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಾಯಿರಿ.

ಹೂವಿನ ಚಿತ್ರಗಳಿಗೆ ತಿಂಗಳು ತಪ್ಪಿಸಬೇಡಿ. ಕಮೇದೊ ತೆಂಜಿನ್‌ನಲ್ಲಿ ಗುಮ್ಮಟದಂಥ ಕೆಂಪು ಸೇತುವೆಯ ಮುಂದೆ ನೇತಾಡುವ ನೇರಳೆ ವಿಸ್ಟೀರಿಯಾ ಏಪ್ರಿಲ್ ಕೊನೆಗೆ. ಸೇತುವೆ ಈಗ ಕಾಂಕ್ರೀಟಿನದು, ಹೂವು ಹೂವೇ. ಹೊರಿಕಿರಿಯ ಐರಿಸ್ ತೋಟ ಜೂನಿನಲ್ಲಿ. ಹಿಮದ ಚಿತ್ರಗಳಿಗೆ ಕಾದೇ ಇರಬೇಕು. ಟೋಕಿಯೊದಲ್ಲಿ ವರ್ಷಕ್ಕೆ ಕೆಲವೇ ದಿನ ಹಿಮ, ಮಧ್ಯಾಹ್ನದೊಳಗೆ ಕೆಸರು. ಹಿಮ ಬೀಳುವ ಸುದ್ದಿ ಬಂದರೆ ನಾನು ಹಿಂದಿನ ರಾತ್ರಿಯೇ ಬೂಟು ಬಾಗಿಲಲ್ಲಿ ಇಟ್ಟು ಮಲಗುತ್ತೇನೆ.

ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರದ ಜಾಗ ಎಲ್ಲಿ?

ಕನಗಾವಾದ ಮುಂದಿನ ಸಮುದ್ರದಲ್ಲಿ, ದೋಣಿಯ ಮೇಲೆ. ನಿಲ್ಲಲು ನೆಲವಿಲ್ಲ.

ಚಿತ್ರಕಾರರು ಸುಳ್ಳೂ ಬರೆದಿದ್ದಾರಾ?

ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಕಂಬರಾ ತಂಗುದಾಣದ ರಾತ್ರಿ ಹಿಮದ ಚಿತ್ರ ಹಿರೋಶಿಗೆಯ ಅತಿ ಸುಂದರ ಚಿತ್ರಗಳಲ್ಲಿ ಒಂದು. ಮೂವರು ತಲೆ ತಗ್ಗಿಸಿ ಹೋಗುತ್ತಿದ್ದಾರೆ, ಸದ್ದೇ ಇಲ್ಲ. ಆದರೆ ಕಂಬರಾ ಬೆಚ್ಚಗಿನ ಕಡಲತೀರ, ಅಲ್ಲಿ ಹಿಮ ಬೀಳುವುದೇ ಅಪರೂಪ. ಎಷ್ಟೋ ಚಿತ್ರಗಳನ್ನು ಅವನು ಆಗಿನ ಪ್ರವಾಸಿ ಪುಸ್ತಕಗಳ ರೇಖಾಚಿತ್ರ ನೋಡಿ ಕಟ್ಟಿದ್ದೂ ಉಂಟು. ಹಾಗಾಗಿ ಒಂದು ಜಾಗ ಹೊಂದುತ್ತಲೇ ಇಲ್ಲ ಅಂದರೆ ನಿಮ್ಮನ್ನೇ ಬೈದುಕೊಳ್ಳಬೇಡಿ.

ಇದಕ್ಕೆ ವಿರುದ್ಧವೂ ಇದೆ. ಎದೊದಿಂದ ಪಶ್ಚಿಮಕ್ಕೆ ಹೋಗುವವರಿಗೆ ಫುಜಿ ಬಹುತೇಕ ದಾರಿಯುದ್ದಕ್ಕೂ ಬಲಕ್ಕೆ. ಯೊಶಿವಾರಾದ ಚಿತ್ರದಲ್ಲಿ ಎಡಕ್ಕೆ ಬರೆದಿದ್ದಾನೆ. ಕಲ್ಪನೆ ಅನ್ನಿಸುತ್ತದೆ. ಹೋಗಿ ನೋಡಿದರೆ ರಸ್ತೆ ಅಲ್ಲಿ ತಿರುಚಿಕೊಂಡು, ನಿಜವಾಗಿಯೂ ಸ್ವಲ್ಪ ದೂರ ಬೆಟ್ಟ ಎಡಕ್ಕೆ ಬರುತ್ತದೆ. ಸುತ್ತ ಕಾರ್ಖಾನೆಗಳು. ದಾರಿಬದಿಯ ಹಳೆಯ ಪೈನ್ ಸಾಲಿನಲ್ಲಿ ಒಂದೇ ಒಂದು ಮರ ಉಳಿದಿದೆ.

ಏನೂ ಉಳಿದಿಲ್ಲದ ಜಾಗಕ್ಕೆ ಹೋಗಿ ಏನು ಮಾಡುವುದು?

ಈ ಪ್ರಶ್ನೆಯನ್ನು ನನ್ನ ಹೆಂಡತಿಯೂ ಕೇಳುತ್ತಾಳೆ. ಅವಳನ್ನು ಹರಾಜುಕುವಿನ ಕ್ಯಾಟ್ ಸ್ಟ್ರೀಟಿಗೆ ಕರೆದುಕೊಂಡು ಹೋದೆ. ಬಟ್ಟೆ ಅಂಗಡಿ, ಐಸ್‌ಕ್ರೀಮ್, ಹುಡುಗ ಹುಡುಗಿಯರು. ಹೊಕುಸಾಯ್‌ನ 'ಒಂದೆನ್‌ನ ನೀರುಗಾಲಿ' ಚಿತ್ರದ ಹಳ್ಳಿ ಇದೇ ಅಂದೆ. ಚಿತ್ರದಲ್ಲಿ ದೊಡ್ಡ ಗಾಲಿ ತಿರುಗುತ್ತಿದೆ, ಇಬ್ಬರು ಮೂಟೆ ಹೊತ್ತು ಬರುತ್ತಿದ್ದಾರೆ, ಹೆಂಗಸರು ನೀರಿನ ಹತ್ತಿರ ಕೆಲಸ ಮಾಡುತ್ತಿದ್ದಾರೆ, ಒಬ್ಬ ಹುಡುಗ ಆಮೆಗೆ ಹಗ್ಗ ಕಟ್ಟಿ ನಿಂತಿದ್ದಾನೆ. ಹೊಳೆ ಈಗ ರಸ್ತೆಯ ಕೆಳಗೆ. ಅವಳು ಸುಮ್ಮನೆ ಒಂದು ನಿಮಿಷ ನಿಂತು, "ಅದಕ್ಕೇ ಈ ರಸ್ತೆ ಹೀಗೆ ಬಳುಕುವುದು" ಅಂದಳು. ಅಂಥದ್ದು ಗೊತ್ತಾಗುವುದಕ್ಕೇ ಹೋಗುವುದು.

ಕಮೇದೊದ ಪ್ಲಮ್ ತೋಟವೂ ಹಾಗೇ. ವ್ಯಾನ್ ಗಾಗ್ ನಕಲು ಮಾಡಿದ ಇನ್ನೊಂದು ಚಿತ್ರ ಅದು. 1910ರ ನೆರೆಯಲ್ಲಿ ತೋಟ ನಾಶವಾಯಿತು, ಈಗ ರಸ್ತೆಬದಿ ಒಂದು ಗುರುತಿನ ಕಲ್ಲು. ಇನ್ನು ನಿಹೊನ್‌ಬಾಶಿ, ಎಲ್ಲ ದಾರಿಗಳೂ ಶುರುವಾಗುತ್ತಿದ್ದ ಸೇತುವೆ. 1911ರ ಕಲ್ಲಿನ ಸೇತುವೆಯ ತಲೆಯ ಮೇಲೆ 1963ರಿಂದ ಎಕ್ಸ್‌ಪ್ರೆಸ್‌ವೇ ಹಾಯುತ್ತದೆ. ಅದನ್ನು ನೆಲದಡಿಗೆ ಇಳಿಸಿ, 2040ರ ಹೊತ್ತಿಗೆ ಮೇಲಿನದನ್ನು ತೆಗೆಯುವ ಕೆಲಸ ನಡೆಯುತ್ತಿದೆ. ಆಮೇಲೆ ಇವತ್ತಿನ ನೋಟವೂ ಸಿಗುವುದಿಲ್ಲ. ಈಗಲೇ ತೆಗೆದಿಡಿ.

ಸ್ಥಳೀಯರಿಗೆ ತೊಂದರೆ ಆಗದ ಹಾಗೆ ಏನು ನೋಡಿಕೊಳ್ಳಬೇಕು?

ಬಹಳಷ್ಟು ಜಾಗಗಳು ಈಗ ಯಾರದೋ ಮನೆಯ ಮುಂದೆ. ಕಾಂಪೌಂಡಿನೊಳಗೆ ಕಾಲಿಡಬೇಡಿ, ಒಣಗಿಹಾಕಿದ ಬಟ್ಟೆ, ಮಕ್ಕಳ ಮುಖ ಬರದಂತೆ ತೆಗೆಯಿರಿ. ದೇವಸ್ಥಾನಗಳಲ್ಲಿ ಟ್ರೈಪಾಡ್‌ಗೆ ಸಾಮಾನ್ಯವಾಗಿ ಬಿಡುವುದಿಲ್ಲ. ರಸ್ತೆ ನಡುವೆ ನಿಲ್ಲಲೇಬೇಡಿ. 2024ರಲ್ಲಿ ಫುಜಿ ಬುಡದ ಕವಾಗುಚಿಕೊ ಊರಿನವರು ಫೋಟೊಗೆ ಮುಗಿಬೀಳುವ ಜನರಿಂದ ಬೇಸತ್ತು ರಸ್ತೆಬದಿಗೆ ಕಪ್ಪು ಪರದೆಯನ್ನೇ ಕಟ್ಟಿದ್ದರು. ಅಲ್ಲಿಯವರೆಗೆ ಹೋಗಲು ನಾವು ಕಾರಣ ಆಗಬಾರದು.

ಊಟದ ಮಾತೂ ಸೇರಿಸುತ್ತೇನೆ. ಮರಿಕೊ ತಂಗುದಾಣದ ಚಿತ್ರದಲ್ಲಿರುವಂಥ ಹುಲ್ಲುಮಾಡಿನ ಊಟದ ಮನೆ ಅದೇ ಊರಿನಲ್ಲಿ ಇವತ್ತಿಗೂ ಇದೆ, 1596ರಿಂದ ನಡೆಯುತ್ತಿದೆ. ಕಾಡುಗೆಣಸನ್ನು ತುರಿದು, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಬೆರೆಸಿ ಅನ್ನದ ಮೇಲೆ ಸುರಿಯುತ್ತಾರೆ, ಲೋಳೆಯಾಗಿ ಗಂಟಲಲ್ಲಿ ಇಳಿಯುತ್ತದೆ. ಅದಕ್ಕೆ ಮೀನಿನ ಸಾರು ಸೇರಿರುತ್ತದೆ, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ.

ಹಳೆ ಚಿತ್ರವನ್ನು ನನ್ನ ಫೋಟೊ ಪಕ್ಕ ಹಾಕಬಹುದಾ?

ಹಿರೋಶಿಗೆ, ಹೊಕುಸಾಯ್ ಚಿತ್ರಗಳಿಗೆ ಯಾವ ಹಕ್ಕಿನ ತಕರಾರೂ ಇಲ್ಲ. ಹಸುಯಿ ತೀರಿಕೊಂಡದ್ದು 1957ರಲ್ಲಿ. ಜಪಾನಿನಲ್ಲೂ ಭಾರತದಲ್ಲೂ ಅವನ ಚಿತ್ರಗಳ ಅವಧಿ ಮುಗಿದಿದೆ. ಸ್ಕ್ಯಾನ್ ಯಾವ ಮ್ಯೂಸಿಯಂನದು ಅಂತ ಒಂದು ಸಾಲು ಬರೆಯಿರಿ.

ಜೊತೆಗೆ ಇದನ್ನೂ ಬರೆದಿಡಿ: ತಾರೀಖು, ಹೊತ್ತು, ನೀವು ನಿಂತ ಜಾಗ. "ಸೇತುವೆಯ ಉತ್ತರ ತುದಿ, ಎರಡನೇ ದೀಪದ ಕಂಬ, ಎಡಗಡೆ" ಅನ್ನುವಷ್ಟು ವಿವರವಾಗಿ. ನಾನು ಮೊದಲ ವರ್ಷ ಬರೆಯಲಿಲ್ಲ. ಆ ಫೋಟೊಗಳು ಚೆನ್ನಾಗಿವೆ, ಆದರೆ ಅದೇ ಜಾಗಕ್ಕೆ ಮತ್ತೆ ಹೋಗಿ ನಿಲ್ಲಲು ಆಗುತ್ತಿಲ್ಲ.

ಭಾರತದ ಜಾಗಗಳ ಜಪಾನಿ ಮರದಚ್ಚಿನ ಚಿತ್ರ ಇವೆಯಾ?

ಇವೆ! ಯೊಶಿದಾ ಹಿರೋಶಿ ಅನ್ನುವ ಚಿತ್ರಕಾರ 1930ರ ಕೊನೆಗೆ ಮಗನನ್ನು ಕರೆದುಕೊಂಡು ಭಾರತ ಸುತ್ತಲು ಬಂದ. ವಾಪಸ್ ಹೋಗಿ ತಾಜ್ ಮಹಲ್, ಕಾಶಿಯ ಘಾಟ್, ಅಮೃತಸರದ ಸ್ವರ್ಣಮಂದಿರ, ಎಲ್ಲೋರಾ, ಮದುರೆಯ ದೇವಸ್ಥಾನ, ಉದಯಪುರದ ಕೆರೆಯರಮನೆ, ಡಾರ್ಜಿಲಿಂಗಿನಿಂದ ಕಾಣುವ ಕಾಂಚನಗಂಗಾ, ಹೀಗೆ ಎಷ್ಟೋ ಚಿತ್ರ ಮಾಡಿದ. ತಾಜ್ ಮಹಲನ್ನು ಒಂದೊಂದು ಹೊತ್ತಿಗೆ ಒಂದೊಂದು ಬಣ್ಣದಲ್ಲಿ ಅಚ್ಚು ಹಾಕಿದ. ಎದೊದ ಜಾಗಗಳಂತೆ ಇವು ಅಳಿಸಿಹೋಗಿಲ್ಲ, ನಿಂತ ಜಾಗ ಹುಡುಕುವುದು ಸುಲಭ. ಊರಿನಲ್ಲಿರುವವರು ಇವುಗಳಿಂದಲೇ ಶುರು ಮಾಡಬಹುದು. ಜೈಪುರದ ಅಜ್ಮೇರಿ ಗೇಟಿನ ಚಿತ್ರ ನಾನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಮುಂದಿನ ರಜೆಗೆ ಬಂದಾಗ ಅಣ್ಣನ ಜೊತೆ ಅಲ್ಲಿಗೆ ಹೋಗಿ ನಿಲ್ಲುವುದು ಅಂತ ಮಾತಾಗಿದೆ.